ಬರೆದದ್ದನ್ನು ಎಲ್ಲಿಡೋಣ? ಫೇಸ್‌ಬುಕ್, ಚಾನೆಲ್, ಬ್ಲಾಗ್, ಸ್ವಂತ ತಾಣ: ಒಂದು ಹೋಲಿಕೆ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಒಂಬತ್ತು ವರ್ಷಗಳಿಂದ ಒಂದು ಸಾಮಾಜಿಕ ಜಾಲತಾಣದಲ್ಲಿ ಊರಿನ ಮಾತು, ಗದ್ದೆ ಕೆಲಸದ ಪದಗಳು, ಅಜ್ಜಿ ಕಾಲದ ಅಡುಗೆ ಎಂದು ವಾರಕ್ಕೆರಡು ಬರಹ ಹಾಕುತ್ತಿದ್ದವರು. ಯಾರೋ ಅವರ ಖಾತೆಗೆ ನುಗ್ಗಿ ಸಾಲದ ಆ್ಯಪ್‌ಗಳ ಜಾಹೀರಾತು ಹಾಕತೊಡಗಿದ್ದಾರೆ, ಕಂಪನಿ ಖಾತೆಯನ್ನೇ ಮುಚ್ಚಿಬಿಟ್ಟಿದೆ. ಮನವಿ ಸಲ್ಲಿಸಿದರೆ ಯಂತ್ರ ಉತ್ತರ ಕೊಟ್ಟಿದೆ.

"ಮೇಷ್ಟ್ರೇ, ಬೇರೆ ಕಡೆ ಪ್ರತಿ ಇಟ್ಟುಕೊಂಡಿದ್ದೀರಾ?" ಎಂದೆ.

"ಅಲ್ಲೇ ಇತ್ತಲ್ಲ ಮಾರಾಯ, ಇನ್ನೊಂದು ಪ್ರತಿ ಎಂತಕ್ಕೆ?"

ಅವರ ತಂಗಿ ತನಗೆ ಹಿಡಿಸಿದ್ದನ್ನೆಲ್ಲ ನಕಲು ಮಾಡಿ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದರಂತೆ. ಕೆಲವು ಓದುಗರ ಹತ್ತಿರ ಸ್ಕ್ರೀನ್‌ಶಾಟ್ ಇತ್ತು. ಹಾಗೆ ಗೋರಿ ಗೋರಿ ಮೂರನೇ ಒಂದು ಪಾಲು ಸಿಕ್ಕಿತು. ಉಳಿದದ್ದು ಹೋಯಿತು. "ಇನ್ನು ಎಲ್ಲಿ ಬರೆಯಲಿ ಹೇಳು" ಎಂದು ಅವರು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ತಡವರಿಸುತ್ತ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಂತ ತಾಣದ ಪಕ್ಷಪಾತಿ. ಆದರೆ ಅದರ ತೊಂದರೆಗಳನ್ನೂ ಉಂಡವನು. ಆದ್ದರಿಂದ ಬರೀ ಹೊಗಳುವುದಿಲ್ಲ.

ಮೊದಲು ಹಿತ್ತಿಲ ಬಾಗಿಲು ನೋಡಿ

ಎಲ್ಲಿ ಬರೆಯಬೇಕೆಂದು ಹುಡುಕುವವರು ಸಾಮಾನ್ಯವಾಗಿ ಕೇಳುವುದು ಮೂರು: ಓದುವವರು ಎಷ್ಟು ಜನ, ಖರ್ಚೆಷ್ಟು, ಸುಲಭವೇ. ನಾನು ಹಿಂದಿನಿಂದ ಶುರು ಮಾಡುತ್ತೇನೆ. ಬಿಟ್ಟು ಹೋಗಬೇಕಾದ ದಿನ ಗಂಟುಮೂಟೆ ಕಟ್ಟಲು ಬಿಡುತ್ತಾರೆಯೇ? ಹೊಸ ಜಾಗಕ್ಕೆ ಹೋದ ಮೇಲೆ ಹಳೆಯ ಓದುಗನಿಗೆ ನನ್ನ ವಿಳಾಸ ಗೊತ್ತಿರುತ್ತದೆಯೇ? ಖಾತೆ ಇಲ್ಲದವನೂ ಬಂದು ಓದಬಹುದೇ? ಯಾರಿಗೋ ನನ್ನ ಬರಹ ಹಿಡಿಸದಿದ್ದರೆ ಅವರು ಹೋಗಿ ಯಾರ ಬಾಗಿಲು ತಟ್ಟುತ್ತಾರೆ, ನನ್ನದೋ ಇನ್ನೊಬ್ಬರದೋ? ಮುಕ್ತ ಇಂಟರ್ನೆಟ್ ಎನ್ನುವ ದೊಡ್ಡ ಮಾತು ಬರೆಯುವವನ ಮಟ್ಟಕ್ಕೆ ಇಳಿದಾಗ ಹೆಚ್ಚುಕಡಿಮೆ ಈ ಪ್ರಶ್ನೆಗಳೇ.

ಹತ್ತು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಈ ಮಾತು ಬೀದಿಗೆ ಬಂದಿತ್ತು. 2015ರ ಫೆಬ್ರವರಿಯಲ್ಲಿ ಫೇಸ್‌ಬುಕ್, ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಆಯ್ದ ಕೆಲವು ತಾಣಗಳನ್ನಷ್ಟೇ ಪುಕ್ಕಟೆಯಾಗಿ ತೋರಿಸುವ ಯೋಜನೆ ತಂದಿತು. ಅದಕ್ಕೆ ಆಮೇಲೆ ಫ್ರೀ ಬೇಸಿಕ್ಸ್ ಎಂದು ಹೆಸರಿಟ್ಟರು. ಅದೇ ವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇಂಟರ್ನೆಟ್ ಸೇವೆಗಳ ನಿಯಂತ್ರಣದ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷ ಮೀರಿ ಇಮೇಲ್ ಹೋದವು. ತಾಣ ನೋಡಿ ದರ ಹಾಕಬಾರದು ಎಂದು 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಮಾಡಿತು. ನಾನೂ ಒಂದು ಇಮೇಲ್ ಕಳಿಸಿ ಎದೆ ಉಬ್ಬಿಸಿಕೊಂಡಿದ್ದೆ. ರಸ್ತೆಯೇನೋ ಎಲ್ಲರಿಗೂ ತೆರೆದೇ ಉಳಿಯಿತು. ಆಮೇಲೆ ನಾವೆಲ್ಲ ಆ ತೆರೆದ ರಸ್ತೆಯಲ್ಲೇ ನಡೆದು ಹೋಗಿ ಎರಡು-ಮೂರು ಕಂಪನಿಗಳ ಕಾಂಪೌಂಡಿನೊಳಗೆ ಕೂತೆವು. ಅದಕ್ಕೆ ಯಾರೂ ನಮ್ಮನ್ನು ಬಲವಂತ ಮಾಡಿರಲಿಲ್ಲ.

ಫೇಸ್‌ಬುಕ್ ಮತ್ತು ಅದರ ಬಳಗ

ಕನ್ನಡದ ಓದುಗರು ಅಲ್ಲಿದ್ದಾರೆ, ಇದನ್ನು ಅಲ್ಲಗಳೆಯಲಾಗದು. ಬೆಳಿಗ್ಗೆ ಹಾಕಿದ ಬರಹಕ್ಕೆ ಮಧ್ಯಾಹ್ನದೊಳಗೆ ಸಾಗರದಿಂದಲೂ ಸಿಡ್ನಿಯಿಂದಲೂ ಪ್ರತಿಕ್ರಿಯೆ ಬರುವ ಸುಖ ಬೇರೆಲ್ಲೂ ಇಲ್ಲ. ಜಗುಲಿ ಮಾತಿಗೆ ಅದು ಒಳ್ಳೆಯ ಜಾಗ.

ಕೂಡಿಡುವುದಕ್ಕೆ ಮಾತ್ರ ಬಹಳ ಕೆಟ್ಟ ಜಾಗ. ನೀವೇ ಮೂರು ವರ್ಷದ ಹಿಂದೆ ಬರೆದದ್ದನ್ನು ನೀವೇ ಹುಡುಕಿ ನೋಡಿ, ಅರ್ಥವಾಗುತ್ತದೆ. ಖಾತೆ ಇಲ್ಲದವರಿಗೆ ಒಂದೆರಡು ಸಾಲು ಓದುವಷ್ಟರಲ್ಲಿ ಲಾಗಿನ್ ಪರದೆ ಅಡ್ಡ ಬರುತ್ತದೆ. ಗೂಗಲ್‌ನಲ್ಲಿ ಹುಡುಕುವವನಿಗೆ ನಿಮ್ಮ ಬರಹ ಸಿಗುವುದು ಅಪರೂಪ. ಎಕ್ಸ್‌ನ ಕಥೆಯೂ ಇದೇ ಜಾತಿಯದ್ದು. ಅದಿನ್ನೂ ಟ್ವಿಟರ್ ಆಗಿದ್ದ 2023ರ ಜೂನ್ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಲಾಗಿನ್ ಆಗದವರಿಗೆ ಬಾಗಿಲು ಹಾಕಿತು. ಕೆಲವು ದಿನಗಳಲ್ಲಿ ಸ್ವಲ್ಪ ಸಡಿಲಿಸಿದರೂ, ಬಾಗಿಲ ಚಿಲಕ ಯಾರ ಕೈಯಲ್ಲಿದೆ ಎಂದು ಆ ವಾರ ಎಲ್ಲರಿಗೂ ತಿಳಿಯಿತು.

ಇನ್‌ಸ್ಟಾಗ್ರಾಂನಲ್ಲಿ ಇನ್ನೊಂದು ಚಾಳಿ: ಕವಿತೆಯನ್ನು ಚಂದದ ಅಕ್ಷರದಲ್ಲಿ ಚಿತ್ರ ಮಾಡಿ ಹಾಕುವುದು. ಕಣ್ಣಿಗೆ ಚೆನ್ನ. ಆದರೆ ಆ ಅಕ್ಷರಗಳು ಹುಡುಕಾಟಕ್ಕೆ ಸಿಗುವುದಿಲ್ಲ, ನಕಲು ಮಾಡಲು ಬರುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವುದೂ ಇಲ್ಲ. ಬರಹವನ್ನು ಫೋಟೊ ಫ್ರೇಮಿಗೆ ಹಾಕಿ ಗೋಡೆಗೆ ಮೊಳೆ ಹೊಡೆದ ಹಾಗೆ.

ಗಂಟುಮೂಟೆ ಕಟ್ಟಲು ಫೇಸ್‌ಬುಕ್ ಬಿಡುತ್ತದೆ. ಸೆಟ್ಟಿಂಗ್ಸ್ ಒಳಗೆ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶವಿದೆ. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಅದು ಎರಡು ರೂಪದಲ್ಲಿ ಕೊಡುತ್ತದೆ, ಎಚ್‌ಟಿಎಂಎಲ್ (ಬ್ರೌಸರ್‌ನಲ್ಲಿ ತೆರೆದು ಓದುವ ಪುಟ) ಮತ್ತು ಜೇಸನ್ (ಪ್ರೋಗ್ರಾಂಗಳು ಓದಲೆಂದು ಇರುವ ಕಡತ). ಜೇಸನ್ ಆರಿಸಿಕೊಂಡರೆ ಕನ್ನಡ ಅಕ್ಷರಗಳೆಲ್ಲ ಸೊಟ್ಟಪಟ್ಟ ಗುರುತುಗಳಾಗಿ ಬರುವ ದೋಷ ಬಹಳ ಕಾಲದಿಂದ ಹೆಸರುವಾಸಿ. ಪ್ರೋಗ್ರಾಂ ಬರೆಯಬಲ್ಲವರು ಅದನ್ನು ಸರಿಮಾಡಿಕೊಳ್ಳಬಹುದು. ಉಳಿದವರು ಎಚ್‌ಟಿಎಂಎಲ್ ಆರಿಸಿ. ಮೇಷ್ಟ್ರಂಥ ನಿಮ್ಮ ಪರಿಚಿತರು ಯಾರಿದ್ದರೂ ಈ ಕೆಲಸವನ್ನು ಈ ಭಾನುವಾರವೇ ಮಾಡಿಸಿಬಿಡಿ. ಓದುಗರನ್ನು ಮಾತ್ರ ಕಟ್ಟಿಕೊಂಡು ಬರಲಾಗದು. ಅವರ ವಿಳಾಸ ನಿಮಗೆ ಯಾವತ್ತೂ ಗೊತ್ತಿರಲೇ ಇಲ್ಲ.

ಚಾನೆಲ್‌ಗಳು

ವಾಟ್ಸ್‌ಆ್ಯಪ್ ಚಾನೆಲ್ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಊರಿನ ಮಟ್ಟಿಗೆ ಇದರಷ್ಟು ಬೇಗ ಮುಟ್ಟುವ ದಾರಿ ಇನ್ನೊಂದಿಲ್ಲ, ಅಡಿಕೆ ಧಾರಣೆಯಿಂದ ಹಿಡಿದು ಯಕ್ಷಗಾನದ ಕರಪತ್ರದವರೆಗೆ ಎಲ್ಲ ಅಲ್ಲಿ ಓಡುತ್ತದೆ. ಆದರೆ ಚಾನೆಲ್ ಪ್ರಕಟಿಸುವಾಗಲೇ ಕಂಪನಿ ಹೇಳಿತ್ತು, ಅದರ ಹಳೆಯ ಸಂದೇಶಗಳನ್ನು ತಮ್ಮ ಸರ್ವರ್‌ನಲ್ಲಿ ಹೆಚ್ಚೆಂದರೆ 30 ದಿನ ಇಟ್ಟುಕೊಳ್ಳುತ್ತೇವೆ ಎಂದು. ಅಂದರೆ ಇದು ಡಂಗುರ. ಸಾರಿ ಮುಂದಿನ ಕೇರಿಗೆ ಹೋಗುವಂಥದ್ದು. ಡಂಗುರದಲ್ಲಿ ಸಂಗ್ರಹ ಮಾಡಲು ಹೊರಡಬೇಡಿ.

ಟೆಲಿಗ್ರಾಂ ಈ ವಿಷಯದಲ್ಲಿ ಮೇಲು. ಸಾರ್ವಜನಿಕ ಚಾನೆಲನ್ನು ಖಾತೆ ಇಲ್ಲದವರೂ ಬ್ರೌಸರ್‌ನಲ್ಲಿ ಓದಬಹುದು, ಕಂಪ್ಯೂಟರಿನ ಟೆಲಿಗ್ರಾಂನಿಂದ ಇಡೀ ಚಾನೆಲನ್ನು ಕಡತವಾಗಿ ಇಳಿಸಿಕೊಳ್ಳಬಹುದು. ಆದರೂ ಒಂದೇ ಕಂಪನಿ, ಒಬ್ಬನೇ ಯಜಮಾನ.

ಯೂಟ್ಯೂಬ್ ಬಗ್ಗೆ ಬಹಳ ಹೇಳುವುದಿಲ್ಲ, ಏಕೆಂದರೆ ವಿಡಿಯೊಗೆ ಅದಕ್ಕೆ ಸಮನಾದ ಬದಲಿ ನನಗೆ ಕಂಡಿಲ್ಲ. 90 ದಿನಗಳೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಬೇರೆಯವರ ಹಕ್ಕಿನದ್ದನ್ನು ಬಳಸಿದ್ದಕ್ಕೆ ಕೊಡುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗುತ್ತದೆ. ತಾಳಮದ್ದಳೆಯೋ ಸಂದರ್ಶನವೋ, ಏರಿಸಿದ ಮೇಲೆ ಮೂಲ ಕಡತವನ್ನು ಅಳಿಸದೆ ಹಾರ್ಡ್‌ಡಿಸ್ಕಿನಲ್ಲಿಡಿ. ಅಷ್ಟೇ.

ಉಚಿತ ಬ್ಲಾಗ್: ಹಳೆಯದಾದರೂ ಗಟ್ಟಿ

ಬ್ಲಾಗರ್ ಹುಟ್ಟಿದ್ದು 1999ರಲ್ಲಿ, ಗೂಗಲ್ ಕೊಂಡದ್ದು 2003ರಲ್ಲಿ. ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿಯಿದ್ದ ಕಾಲದಲ್ಲಿ ನಾವೆಲ್ಲ ಬ್ಲಾಗ್‌ಸ್ಪಾಟ್‌ನವರೇ. ಇವತ್ತಿಗೂ ಅದು ಪುಕ್ಕಟೆ, ಯಾರು ಬೇಕಾದರೂ ಓದಬಹುದು, ಹುಡುಕಿದರೆ ಸಿಗುತ್ತದೆ, ಇಡೀ ಬ್ಲಾಗನ್ನು ಒಂದು ಕಡತವಾಗಿ ಇಳಿಸಿಕೊಳ್ಳಬಹುದು, ಆರ್‌ಎಸ್‌ಎಸ್ ಫೀಡ್ ಕೂಡ ಇದೆ (ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊಸ ಬರಹ ಬಂದಾಗ ಓದುಗನ ಕೈಗೆ ತಾನಾಗಿ ತಲುಪಿಸುವ ಹಳೆಯ, ಯಾರ ಅಪ್ಪಣೆಯೂ ಬೇಡದ ವ್ಯವಸ್ಥೆ).

ತೊಂದರೆ ವಿಳಾಸದಲ್ಲಿದೆ. 2012ರಿಂದ ಗೂಗಲ್ ಆಯಾ ದೇಶದ ಓದುಗರನ್ನು ಆಯಾ ದೇಶದ ವಿಳಾಸಕ್ಕೆ ತಿರುಗಿಸತೊಡಗಿತು. ಹಾಗಾಗಿ ನಮ್ಮವರು ಬ್ರೌಸರ್‌ನಿಂದ ನಕಲು ಮಾಡಿ ಹಂಚಿಕೊಂಡ ಕೊಂಡಿಗಳೆಲ್ಲ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂದೇ ಕೊನೆಯಾಗುತ್ತಿದ್ದವು. 2020ರಲ್ಲಿ ಆ ಡಾಟ್ ಇನ್ ಹೆಸರು ಗೂಗಲ್‌ನ ಕೈತಪ್ಪಿ ಬೇರೆಯವರ ಪಾಲಾಯಿತು. ಬ್ಲಾಗುಗಳು ಡಾಟ್ ಕಾಂ ವಿಳಾಸದಲ್ಲಿ ಸುರಕ್ಷಿತವಾಗಿಯೇ ಇದ್ದವು. ಆದರೆ ಪತ್ರಿಕೆಯ ಅಂಕಣಗಳಲ್ಲಿ, ಪುಸ್ತಕದ ಅಡಿಟಿಪ್ಪಣಿಗಳಲ್ಲಿ, ಬೇರೆ ಬ್ಲಾಗುಗಳಲ್ಲಿ ಕೊಟ್ಟಿದ್ದ ಹಳೆಯ ಕೊಂಡಿಗಳು ಸತ್ತವು. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದಕ್ಕೂ ವರ್ಷಕ್ಕೆ ಕೆಲವು ನೂರು ರೂಪಾಯಿಯ ಒಂದು ಹೆಸರನ್ನು ಕಾಪಾಡಿಕೊಳ್ಳಲು ಆಗಲಿಲ್ಲ. ನಿಮ್ಮ ಹಳೆಯ ಬರಹಗಳಲ್ಲಿ ಅಂಥ ಕೊಂಡಿ ಕಂಡರೆ ಇನ್ ತೆಗೆದು ಕಾಂ ಹಾಕಿ ನೋಡಿ, ಹಲವು ತೆರೆದುಕೊಳ್ಳುತ್ತವೆ.

ಗೂಗಲ್ ಬ್ಲಾಗರನ್ನು ಮುಚ್ಚೀತೇ? ಈವರೆಗೆ ಮುಚ್ಚಿಲ್ಲ. ಆದರೆ ಅದರದ್ದೇ ಆದ ರೀಡರ್ (ಫೀಡ್ ಓದುವ ಸೇವೆ) 2013ರ ಜುಲೈನಲ್ಲಿ, ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋದದ್ದನ್ನು ಕಂಡವರಿಗೆ ಈ ಪ್ರಶ್ನೆ ಅತಿಯೆನಿಸುವುದಿಲ್ಲ. ಆರ್ಕುಟ್‌ನ ಕನ್ನಡ ಗುಂಪುಗಳಲ್ಲಿ ನಡೆದ ಪದಚರ್ಚೆಗಳನ್ನು ನಾನು ಈಗಲೂ ಆಗಾಗ ನೆನೆಸಿಕೊಳ್ಳುತ್ತೇನೆ. ನೆನಪಿನಲ್ಲಷ್ಟೇ ಇವೆ.

ಇನ್ನೊಂದು ದಾರಿ ವರ್ಡ್‌ಪ್ರೆಸ್. ಹೆಸರು ಒಂದೇ ಆದರೂ ಇದರಲ್ಲಿ ಎರಡು ಬಗೆ ಇದೆ, ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವರ್ಡ್‌ಪ್ರೆಸ್ ಡಾಟ್ ಕಾಂ ಎನ್ನುವುದು ಒಂದು ಕಂಪನಿಯ ಸೇವೆ. ಪುಕ್ಕಟೆ ಖಾತೆಯಲ್ಲಿ ಅವರ ಜಾಹೀರಾತು ಬರುತ್ತದೆ, ಸ್ವಂತ ಹೆಸರು ಹಚ್ಚಬೇಕೆಂದರೆ ದುಡ್ಡು ಕೊಡಬೇಕು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು 2003ರಿಂದ ಮುಕ್ತ ಪರವಾನಗಿಯಲ್ಲಿರುವ ತಂತ್ರಾಂಶ. ಅದನ್ನು ನಿಮಗೆ ಬೇಕಾದ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಜಗಳ ಇಲ್ಲವೆಂದಲ್ಲ: 2024ರ ಸೆಪ್ಟೆಂಬರ್‌ನಲ್ಲಿ ಅದರ ಮುಖ್ಯಸ್ಥರಿಗೂ ವರ್ಡ್‌ಪ್ರೆಸ್ ತಾಣಗಳನ್ನು ನಡೆಸಿಕೊಡುವ ಡಬ್ಲ್ಯುಪಿ ಎಂಜಿನ್ ಎಂಬ ಕಂಪನಿಗೂ ಜಟಾಪಟಿಯಾಗಿ, ಆ ಕಂಪನಿಯ ಗ್ರಾಹಕರಿಗೆ ಅಪ್‌ಡೇಟುಗಳು ಬರುವ ದಾರಿ ಕೆಲಕಾಲ ಕಟ್ಟಿಹೋಗಿತ್ತು. ಎತ್ತುಗಳ ಗುದ್ದಾಟದಲ್ಲಿ ನುಗ್ಗಾದದ್ದು ಸಣ್ಣ ತಾಣಗಳವರು.

ಸ್ವಂತ ಹೆಸರು

ನನ್ನ ಪಕ್ಷಪಾತ ಶುರುವಾಗುವುದು ಇಲ್ಲಿಂದ. ಸ್ವಂತ ತಾಣ ಅಂದಾಕ್ಷಣ ಜನ ಸರ್ವರ್, ಕೋಡಿಂಗ್ ಎಂದು ಹೆದರುತ್ತಾರೆ. ಅದರಲ್ಲಿ ಎರಡು ಭಾಗ ಇದೆ. ಒಂದು ಹೆಸರು, ಅಂದರೆ ಡೊಮೇನ್. ಇನ್ನೊಂದು ಬರಹ ಕೂರುವ ಜಾಗ, ಅಂದರೆ ಹೋಸ್ಟಿಂಗ್. ಸ್ವಂತದ್ದಾಗಿರಲೇಬೇಕಾದದ್ದು ಹೆಸರು. ಜಾಗ ಬಾಡಿಗೆಯದ್ದಾದರೂ, ಪುಕ್ಕಟೆಯದ್ದಾದರೂ ನಡೆಯುತ್ತದೆ, ಏಕೆಂದರೆ ನಾಳೆ ಜಾಗ ಬದಲಿಸಿದರೂ ಓದುಗನಿಗೆ ಗೊತ್ತಿರುವ ವಿಳಾಸ ಬದಲಾಗುವುದಿಲ್ಲ.

ಡಾಟ್ ಇನ್ ಹೆಸರು ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೆ ಆಗುತ್ತದೆ. ಮೊದಲ ವರ್ಷಕ್ಕೆ ಕವಡೆ ಬೆಲೆ ತೋರಿಸಿ ಎರಡನೇ ವರ್ಷದಿಂದ ಏರಿಸುವ ಅಂಗಡಿಗಳೇ ಹೆಚ್ಚು, ಹಾಗಾಗಿ ಕೊಳ್ಳುವಾಗ ನವೀಕರಣದ ದರವನ್ನೇ ನೋಡಿ. ಅದಕ್ಕಿಂತ ಮುಖ್ಯವಾದದ್ದು, ಹೆಸರು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ನಮ್ಮ ಒಂದು ಸಣ್ಣ ಸಾಹಿತ್ಯ ಬಳಗದ ತಾಣವನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟಿದ್ದ, ಡೊಮೇನ್ ಅವನ ಹೆಸರಿನಲ್ಲೇ ಇತ್ತು. ಅವನು ಕೆಲಸಕ್ಕೆಂದು ಹೊರದೇಶಕ್ಕೆ ಹೋದ, ಇಮೇಲ್ ಬದಲಾಯಿಸಿದ, ನವೀಕರಣದ ಎಚ್ಚರಿಕೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬಿದ್ದವು. ಈಗ ಆ ಹೆಸರು ತೆರೆದರೆ ಜೂಜಿನ ತಾಣ ಬರುತ್ತದೆ. ಅವನ ಮೇಲೆ ಸಿಟ್ಟಿಲ್ಲ. ಕೇಳದೇ ಇದ್ದದ್ದು ನಾವು.

ಪುಕ್ಕಟೆ ಡೊಮೇನ್ ಬೇಡ. ಡಾಟ್ ಟಿಕೆ, ಡಾಟ್ ಎಂಎಲ್ ಎಂದು ಫ್ರೀನಾಮ್ ಕಂಪನಿ ವರ್ಷಗಟ್ಟಲೆ ಹಂಚಿತು. 2023ರಲ್ಲಿ ಹೊಸ ನೋಂದಣಿ ನಿಂತಿತು, ಮುಂದಿನ ವರ್ಷ ಕಂಪನಿಯೇ ಈ ವ್ಯಾಪಾರದಿಂದ ಹೊರಬಂತು. ಹಾಗಂತ ದುಡ್ಡು ಕೊಟ್ಟ ಹೆಸರೆಲ್ಲ ಬಂಡೆಯಷ್ಟು ಭದ್ರವೆಂದೂ ಅಲ್ಲ. ಡಾಟ್ ಆರ್ಗ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆಯನ್ನು 2019ರಲ್ಲಿ ಈಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ ನೂರು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಲು ಹೊರಟಿದ್ದರು. ಸಂಘ-ಸಂಸ್ಥೆಗಳೆಲ್ಲ ಗಲಾಟೆ ಎಬ್ಬಿಸಿದ ಮೇಲೆ 2020ರ ಏಪ್ರಿಲ್ 30ರಂದು ಡೊಮೇನ್ ಹೆಸರುಗಳ ಮೇಲುಸ್ತುವಾರಿ ಸಂಸ್ಥೆ ಐಕಾನ್ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಒಂದೇ ಸಲ ಹತ್ತು ವರ್ಷಕ್ಕೆ ನೋಂದಾಯಿಸಿಬಿಟ್ಟರೆ ಇಂಥ ತಲೆಬಿಸಿ ಸ್ವಲ್ಪ ಕಡಿಮೆ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತದೆ. ಮನಸ್ಸಿಗೆ ಖುಷಿ. ಆದರೆ ಎಷ್ಟೋ ಆ್ಯಪ್‌ಗಳು ಅದನ್ನು ಕೊಂಡಿಯೆಂದು ಗುರುತಿಸುವುದಿಲ್ಲ, ಕೆಲವು ಅದನ್ನು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೋರಿಸುತ್ತವೆ. ಬೇಕೆಂದರೆ ಎರಡನೆಯದಾಗಿ ಕೊಂಡು ಮೊದಲನೆಯದಕ್ಕೆ ತಿರುಗಿಸಿ.

ಇನ್ನು ಜಾಗ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ: ಬ್ಲಾಗರ್‌ಗೆ ನಿಮ್ಮ ಸ್ವಂತ ಡೊಮೇನ್ ಹಚ್ಚಲು ಗೂಗಲ್ ದುಡ್ಡು ಕೇಳುವುದಿಲ್ಲ. ಅಂದರೆ ಖರ್ಚು ಡೊಮೇನ್‌ನದ್ದಷ್ಟೇ. ನಾಳೆ ಬ್ಲಾಗರ್ ಮುಚ್ಚಿದರೆ ಕಡತ ಇಳಿಸಿಕೊಂಡು ಬೇರೆ ಕಡೆ ಹಾಕಿ, ಹೆಸರನ್ನು ಅತ್ತ ತಿರುಗಿಸಿದರಾಯಿತು. ಹೊಸಬರಿಗೆ ನಾನು ಹೇಳುವ ಮೊದಲ ದಾರಿ ಇದೇ. ಸ್ವಲ್ಪ ಕೈಪಳಗಿದವರು ಬರೀ ಎಚ್‌ಟಿಎಂಎಲ್ ಪುಟಗಳ ತಾಣ ಮಾಡಬಹುದು. ಅದರಲ್ಲಿ ಕೆಡಲಿಕ್ಕೆ ಏನೂ ಇರುವುದಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರಸಂಕೇತ) ಜಾಲತಾಣಗಳಲ್ಲಿ ಬಳಕೆಯಾಗುವ ರೂಪದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು, ಆದರೂ ಇಷ್ಟುದ್ದದ ಒಂದು ಲೇಖನ ನಿಮ್ಮ ಮೊಬೈಲಿನ ಒಂದು ಫೋಟೊದ ಹತ್ತನೇ ಒಂದು ಪಾಲಿನಷ್ಟೂ ಜಾಗ ಹಿಡಿಯುವುದಿಲ್ಲ. ಜೀವಮಾನವಿಡೀ ಬರೆದದ್ದು ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತದೆ. ತಾಣದ ವಿಳಾಸದ ಪಕ್ಕ ಸುರಕ್ಷಿತವೆಂಬ ಬೀಗದ ಗುರುತು ಬರಲು ಬೇಕಾದ ಪ್ರಮಾಣಪತ್ರಕ್ಕೆ ಹಿಂದೆ ದುಡ್ಡು ತೆರಬೇಕಿತ್ತು, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಬಂದ ಮೇಲೆ ಅದೂ ಪುಕ್ಕಟೆ.

ಈಗ ತೊಂದರೆಗಳು. ಮೊದಲನೆಯದು ಒಂಟಿತನ. ಸ್ವಂತ ತಾಣದಲ್ಲಿ ಬರೆದ ಮೊದಲ ತಿಂಗಳು ನಿಮ್ಮ ಬರಹ ಓದುವುದು ನೀವು, ನಿಮ್ಮ ಮನೆಯವರು ಮತ್ತು ರಷ್ಯಾದ ಯಾವುದೋ ಯಂತ್ರ. ಎರಡನೆಯದು ಆರೈಕೆ. ಸ್ವಂತ ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಹಾಕಿ ಒಂದು ವರ್ಷ ಅಪ್‌ಡೇಟ್ ಮಾಡದಿದ್ದರೆ ಪಾಳು ಮನೆಗೆ ಹಾವು ಹೊಕ್ಕಂತೆ ಏನೋ ಹೊಕ್ಕಿರುತ್ತದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಸತ್ತ ಮೇಲೆ ನವೀಕರಣದ ದುಡ್ಡು ಯಾರು ಕಟ್ಟುತ್ತಾರೆ? ಪುಕ್ಕಟೆ ಬ್ಲಾಗ್ ಹೆಚ್ಚಾಗಿ ಯಜಮಾನ ಇಲ್ಲದೆಯೂ ಉಳಿದಿರುತ್ತದೆ, ಹೋದ ಎಷ್ಟೋ ಗೆಳೆಯರ ಬ್ಲಾಗುಗಳನ್ನು ನಾನು ಈಗಲೂ ಓದುತ್ತಿದ್ದೇನೆ. ಸ್ವಂತ ಡೊಮೇನ್ ತಿಥಿ ಮುಗಿದು ಒಂದೆರಡು ವರ್ಷದಲ್ಲಿ ಮಾಯ. ಈ ಒಂದು ವಿಷಯದಲ್ಲಿ ಬ್ಲಾಗ್‌ಸ್ಪಾಟ್ ಗೆಲ್ಲುತ್ತದೆ. ಡೊಮೇನ್ ಹಚ್ಚಿದ ಬ್ಲಾಗಾದರೆ ಎರಡಕ್ಕೂ ನಡುವಿನ ದಾರಿ.

ಕೂ ಹೋಯಿತು, ಮ್ಯಾಸ್ಟೊಡಾನ್ ಇದೆ

ನಮ್ಮದೇ ದೇಶದ ಕಂಪನಿಯಾದರೆ ಸರಿಹೋಗುತ್ತದೆ ಎನ್ನುವವರಿಗೆ ಟ್ವಿಟರ್ ಥರದ ಜಾಲತಾಣ ಕೂ ನೆನಪಿರಬಹುದು. ಬೆಂಗಳೂರಿನದ್ದು, 2020ರಲ್ಲಿ ಕನ್ನಡದಿಂದಲೇ ಶುರುವಾದದ್ದು, ಮಂತ್ರಿಗಳೆಲ್ಲ ಸೇರಿದ್ದು. 2024ರ ಜುಲೈನಲ್ಲಿ ಮುಚ್ಚಿತು. ದುಡ್ಡು ಖಾಲಿಯಾದ ಕಂಪನಿಗೆ ನಾಡಭಕ್ತಿಯಿಂದ ಸರ್ವರ್ ಬಿಲ್ ಕಟ್ಟಲು ಆಗುವುದಿಲ್ಲವಲ್ಲ. ಟಿಕ್‌ಟಾಕ್‌ನದ್ದು ಬೇರೆ ದಾರಿ, 2020ರ ಜೂನ್ 29ರ ರಾತ್ರಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಬಳಸುವವರ ಪಾಲಿಗೆ ಫಲ ಒಂದೇ.

ಮ್ಯಾಸ್ಟೊಡಾನ್ ಕೂಡ ಟ್ವಿಟರ್ ಥರದ್ದೇ ಜಾಲ, ಆದರೆ ರಚನೆ ಬೇರೆ. 2016ರಲ್ಲಿ ಶುರುವಾದದ್ದು, ಇದರಲ್ಲಿ ಒಂದು ಕಂಪನಿ ಇಲ್ಲ, ಸಾವಿರಾರು ಸರ್ವರ್‌ಗಳು ಒಂದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ. ಆ್ಯಕ್ಟಿವಿಟಿಪಬ್ ಎಂಬ ಆ ಭಾಷೆಯನ್ನು 2018ರ ಜನವರಿಯಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾನಕವಾಗಿ ಒಪ್ಪಿಕೊಂಡಿತು. ಇಮೇಲ್ ಇದ್ದ ಹಾಗೆ: ನಿಮ್ಮದು ಯಾವ ಕಂಪನಿಯದ್ದಾದರೂ ನನ್ನದಕ್ಕೆ ಪತ್ರ ಬರುತ್ತದೆ. ಸರ್ವರ್ ಬದಲಿಸಿದರೆ ಹಿಂಬಾಲಕರನ್ನು ಜೊತೆಗೆ ಕರೆದೊಯ್ಯಬಹುದು. ಫೇಸ್‌ಬುಕ್‌ನಲ್ಲಿ ಆಗದ ಕೆಲಸ ಇದು. ಹಳೆಯ ಬರಹಗಳು ಮಾತ್ರ ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ. ರಚನೆ ನೋಡಿದರೆ ನನಗೆ ಬಹಳ ಇಷ್ಟ. ಆದರೆ ಕನ್ನಡಿಗರು ಬೆರಳೆಣಿಕೆಯಷ್ಟು, ಅಲ್ಲಿ ಕನ್ನಡದಲ್ಲಿ ಬರೆಯುವುದೆಂದರೆ ಚಳಿಗಾಲದ ಬೆಳಿಗ್ಗೆ ಖಾಲಿ ಬಸ್‌ಸ್ಟ್ಯಾಂಡಿನಲ್ಲಿ ಹಾಡಿಕೊಂಡ ಹಾಗೆ. ಮುಖ್ಯ ಮನೆಯಾಗಿ ಸೂಚಿಸಲಾರೆ.

ಬಿಟ್ಟುಕೊಡುವ ದಾರಿ

ಎಲ್ಲ ಬರಹಕ್ಕೂ ಒಡೆತನ ಬೇಕಿಲ್ಲ. ಮೇಷ್ಟ್ರ ಗದ್ದೆಪದಗಳಂಥವು ಎಲ್ಲರೂ ಸೇರಿ ಕಟ್ಟುವ ಜಾಲನಿಘಂಟು ಕನ್ನಡ ವಿಕ್ಷನರಿಗೆ ಹೋದರೆ ಅವರ ಕಾಲಾನಂತರವೂ ಯಾರಾದರೂ ತಿದ್ದುತ್ತಾರೆ, ಬೆಳೆಸುತ್ತಾರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮೂಲ ಹೇಳಿ ಬಳಸಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆದರೆ ವಿಕಿಪೀಡಿಯದಲ್ಲಿ ಸ್ವಂತ ನೆನಪು, ಸ್ವಂತ ಸಂಶೋಧನೆ ನಡೆಯುವುದಿಲ್ಲ. ಪ್ರಕಟವಾದ, ನಂಬಬಹುದಾದ ಆಧಾರ ಕೇಳುತ್ತಾರೆ. ಅಜ್ಜಿಯ ಬಾಯಲ್ಲಷ್ಟೇ ಇದ್ದ ಮಾತಿಗೆ ಆಧಾರ ಎಲ್ಲಿಂದ ತರುವುದು? ಅಂಥದ್ದನ್ನು ನಿಮ್ಮ ತಾಣದಲ್ಲೇ ಬರೆಯಬೇಕು.

ಎಲ್ಲಿ ಬರೆದರೂ ಆ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಕೊಟ್ಟು ಒಂದು ಪ್ರತಿ ಉಳಿಸಿ. ಒಂದು ನಿಮಿಷದ ಕೆಲಸ. ಲಾಗಿನ್ ಗೋಡೆಯ ಹಿಂದಿನ ಬರಹಗಳಿಗೆ ಇದು ಕೆಲಸ ಮಾಡುವುದಿಲ್ಲ, ತೆರೆದ ಪುಟಗಳಿಗಷ್ಟೇ.

ಎಲ್ಲರಿಗೂ ಬರುವ ಗಂಡಾಂತರ

ಯಾವುದನ್ನು ಆರಿಸಿಕೊಂಡರೂ ತಪ್ಪದ ಕೆಲವು ಇವೆ. ಐಟಿ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಪುಟಗಳನ್ನು ತಡೆಹಿಡಿಸಬಹುದು. ಅದಲ್ಲದೆ ಬರಹ ತೆಗೆಯಬೇಕೆಂಬ ಸೂಚನೆಗಳನ್ನು ಕಂಪನಿಗಳಿಗೆ ತಲುಪಿಸಲು 'ಸಹಯೋಗ್' ಎಂಬ ಪೋರ್ಟಲ್ ಇದೆ. ಅದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ದೊಡ್ಡ ಜಾಲತಾಣದಲ್ಲಿದ್ದರೆ ಸೂಚನೆ ಹೋಗುವುದು ಅವರಿಗೆ, ಅವರು ಬಳಸುವವರ ಬರಹಕ್ಕೆ ತಾವು ಹೊಣೆಯಲ್ಲವೆಂಬ ಕಾನೂನು ರಕ್ಷಣೆ ಉಳಿಸಿಕೊಳ್ಳಲು ನಿಮ್ಮ ಬರಹ ತೆಗೆಯುವುದೇ ಸುಲಭವೆಂದುಕೊಳ್ಳುತ್ತಾರೆ. ಸ್ವಂತ ತಾಣದಲ್ಲಿ ಪುಟಕ್ಕೆ ಬದಲು ಇಡೀ ತಾಣವೇ ಹೋಗುವ ಅಪಾಯ. 2014ರ ಡಿಸೆಂಬರ್‌ನಲ್ಲಿ ತಡೆಹಿಡಿದ 32 ತಾಣಗಳ ಪಟ್ಟಿಯಲ್ಲಿ ಪ್ರೋಗ್ರಾಂ ಬರೆಯುವವರ ಗಿಟ್‌ಹಬ್, ವಿಡಿಯೊಗಳ ವಿಮಿಯೊ, ಇಂಟರ್ನೆಟ್ ಆರ್ಕೈವ್ ಎಲ್ಲ ಇದ್ದವು. ಇಲಿಗೆ ಹೆದರಿ ಕಣಜಕ್ಕೇ ಬೆಂಕಿಯಿಟ್ಟ ಹಾಗೆ. ಇಲ್ಲಿ ಯಾವ ಆಯ್ಕೆಯೂ ಗೆಲ್ಲುವುದಿಲ್ಲ.

ಇಂಟರ್ನೆಟ್ಟನ್ನೇ ನಿಲ್ಲಿಸಿದರಂತೂ ಹೋಲಿಕೆಯೇ ಮುಗಿಯಿತು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಗೋಲಿಬಾರ್‌ನ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ನಿಲ್ಲಿಸಲು ಆದೇಶವಾಗಿತ್ತು. ಕಾಶ್ಮೀರದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ಹೋದ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದ್ದು ಈ ನಡುವೆ. ಅಂಥ ದಿನ ಉಪಯೋಗಕ್ಕೆ ಬರುವುದು ಕಂಪ್ಯೂಟರಿನೊಳಗಿನ ಪ್ರತಿ, ಇಲ್ಲವೇ ಕಾಗದ.

ಹೊಸದಾಗಿ ಬಂದಿರುವುದು ಎಐ ಕಂಪನಿಗಳ ಯಂತ್ರಗಳ ಹಾವಳಿ. ತೆರೆದಿಟ್ಟ ಪುಟಗಳನ್ನು ಅವು ಹಗಲಿರುಳು ಬಾಚುತ್ತವೆ. 2024ರ ಜನವರಿಯಿಂದೀಚೆಗೆ ತಮ್ಮ ಚಿತ್ರ-ವಿಡಿಯೊ ಕಡತಗಳನ್ನು ಇಳಿಸಲು ಖರ್ಚಾಗುವ ಬ್ಯಾಂಡ್‌ವಿಡ್ತ್ ಶೇ 50ರಷ್ಟು ಏರಿದೆ, ಕಾರಣ ಈ ಯಂತ್ರಗಳೇ ಎಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ 2025ರಲ್ಲಿ ಹೇಳಿತು. ಬರಬೇಡಿ ಎಂದು ಬಾಗಿಲಲ್ಲಿ ಬರೆದಿಡುವ 1994ರ ಪದ್ಧತಿಯೊಂದಿದೆ, ರೋಬಾಟ್ಸ್ ಕಡತ ಎನ್ನುತ್ತಾರೆ, ಆದರೆ ಪಾಲಿಸುವುದು ಬಂದವರ ಮರ್ಯಾದೆಗೆ ಬಿಟ್ಟದ್ದು. ಯಂತ್ರಗಳನ್ನು ತಡೆಯಲೆಂದು ಕ್ಲೌಡ್‌ಫ್ಲೇರ್‌ನಂಥ ಕಾವಲುಗಾರನನ್ನು ಇಟ್ಟುಕೊಂಡರೆ, 2025ರ ನವೆಂಬರ್ 18ರಂದು ಆದಂತೆ ಅವನು ಬಿದ್ದ ದಿನ ಅರ್ಧ ಜಗತ್ತಿನ ಜೊತೆ ನೀವೂ ಬೀಳುತ್ತೀರಿ. ಇದಕ್ಕೆಲ್ಲ ಬೇಸತ್ತು ಎಷ್ಟೋ ತಾಣಗಳು ಲಾಗಿನ್ ಗೋಡೆ ಕಟ್ಟುತ್ತಿವೆ. ನಾನು ಕಟ್ಟಿಲ್ಲ. ಗೋಡೆ ಎದ್ದರೆ ಯಂತ್ರಕ್ಕಿಂತ ಮೊದಲು ವಾಪಸು ಹೋಗುವವನು ಓದುಗ.

ಅಕ್ಷರದೊಳಗಿನ ಬೀಗ

ಎಲ್ಲಿ ಬರೆದರೂ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ಮಾತಲ್ಲವೇ ಎನ್ನಬೇಡಿ. ಡಿಟಿಪಿ ಅಂಗಡಿಯಿಂದ ಬರುವ ಪುಸ್ತಕದ ಕಡತ ಇವತ್ತಿಗೂ ಬಹಳ ಕಡೆ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿರುತ್ತದೆ. ಅದರ ಪಿಡಿಎಫ್ ನೋಡಲು ಕನ್ನಡ, ನಕಲು ಮಾಡಿದರೆ ಕಸ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷ ಹಿಂದಿನ ಕನ್ನಡ ತಾಣಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಕೈಯಾರೆ ನೋಡಿ ತಿದ್ದಬೇಕು. ಮುದ್ರಕರ ಹತ್ತಿರ ಪುಸ್ತಕ ಮಾಡಿಸುವವರು ಯೂನಿಕೋಡ್ ಕಡತವನ್ನೂ ಕೇಳಿ ತೆಗೆದುಕೊಳ್ಳಿ, ಬಿಲ್ ಕೊಡುವ ಮೊದಲು.

ಹಾಗಾದರೆ ಯಾರಿಗೆ ಯಾವುದು

ದಿನದ ಹರಟೆ, ಚರ್ಚೆ, ಊರಿನ ಸುದ್ದಿ: ಈಗಿರುವಲ್ಲೇ ಇರಿ, ಆರು ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಳ್ಳಿ. ಹತ್ತು ವರ್ಷ ಬಿಟ್ಟು ಯಾರಾದರೂ ಹುಡುಕಿಕೊಂಡು ಬರಬಹುದಾದ ಬರಹವಾದರೆ ಸ್ವಂತ ಡೊಮೇನ್ ಹಚ್ಚಿದ ಬ್ಲಾಗ್. ಅಲ್ಲಿ ಬರೆದು, ಅದರ ಕೊಂಡಿಯನ್ನು ಫೇಸ್‌ಬುಕ್‌ಗೂ ಚಾನೆಲ್‌ಗೂ ಹಾಕಿ. ಕೊಂಡಿ ಹಾಕಿದರೆ ಓದುವವರು ಕಡಿಮೆಯೆನ್ನುವುದು ನಿಜ. ಮೊದಲ ಎರಡು ಪ್ಯಾರಾ ಅಲ್ಲೇ ಕೊಟ್ಟು ಕೊಂಡಿಯನ್ನು ಕೆಳಗಿಡಿ. ಸಂಘ, ಬಳಗ, ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪುಗಳಿಗೆ ಡೊಮೇನ್ ಕಡ್ಡಾಯ, ಅದರ ಪಾಸ್‌ವರ್ಡ್ ಇಬ್ಬರ ಹತ್ತಿರ. ಪ್ರೋಗ್ರಾಮಿಂಗ್ ಬಲ್ಲವರಿಗೆ ಈ ಲೇಖನದ ಅಗತ್ಯವೇ ಇರಲಿಲ್ಲ.

ಮೇಷ್ಟ್ರು ಒಂದು ಡಾಟ್ ಇನ್ ಹೆಸರು ಕೊಂಡು ಬ್ಲಾಗರ್‌ಗೆ ಹಚ್ಚಿಕೊಂಡಿದ್ದಾರೆ. ಸಿಕ್ಕಿದ ಬರಹಗಳನ್ನು ಅವರ ತಂಗಿ ಒಂದೊಂದಾಗಿ ಏರಿಸುತ್ತಿದ್ದಾರೆ, ಕಳೆದವುಗಳಲ್ಲಿ ನೆನಪಿದ್ದಷ್ಟನ್ನು ಮೇಷ್ಟ್ರು ಹೊಸದಾಗಿ ಬರೆಯುತ್ತಿದ್ದಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ತಾರೀಖು, ಹಾಲಿನ ಲೆಕ್ಕದ ಜೊತೆಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಗುರುತು ಇತ್ತು. ಕೇಳಿದೆ. "ಡೊಮೇನಿನ ಕಂದಾಯ ಕಟ್ಟುವ ದಿನ ಮಾರಾಯ" ಎಂದರು.